ಅತ್ತೆಯವರ ಬೋಣಿ

ದೀಪಾವಳಿ ಸೇಲನ್ನು ಕಂಡುಹಿಡಿದವರು ಯಾರು ಎಂದು ಯಾರಾದರೂ ನನ್ನನ್ನು ಕೇಳಲಿ ಅಂತ ಎಷ್ಟೋ ವರ್ಷಗಳಿಂದ ಕಾಯುತ್ತಿದ್ದೇನೆ. ಒಬ್ಬರೂ ಕೇಳುತ್ತಿಲ್ಲ! ಕಾದು ಸಾಕಾಗಿ ಈಗ ನಾನೇ ಹೇಳಿಬಿಡುತ್ತೇನೆ. ನಮ್ಮ ಅತ್ತೆಯವರು! ಮುಂಬಯಿಯ ದೊಡ್ಡ ಪೇಟೆಯವರು ತಾವೇ ಎನ್ನಬಹುದು, ಸೊಲ್ಲಾಪುರದ ಗಿರಣಿಯವರು ತಾವು ಎನ್ನಬಹುದು. ಎನ್ನಲಿ, ಬಾಯಿಮಾತಿಗೇನು ಸುಂಕವೇ? ನಮ್ಮ ಇಂಡಿ ಊರಿನ ಪೇಟೆಯಲ್ಲಿ ಮಾತ್ರ ಅದನ್ನು ಹುಟ್ಟಿಸಿದವರು ನನ್ನ ಗಂಡನನ್ನು ಹಡೆದ ತಾಯಿ. ಒಂದು ಹಿಡಿ ಕೊತ್ತಂಬರಿಯನ್ನೂ ಅಂಗಡಿಯವರು ಹೇಳಿದ ಬೆಲೆಗೆ ಕೊಂಡವರಲ್ಲ ಅವರು. ಅವರ ಕಾಟ ತಾಳಲಾರದೆ ಒಬ್ಬ ಸಜ್ಜನ ವ್ಯಾಪಾರಿ ಕೈಮುಗಿದು ಮಾಡಿಕೊಂಡ ಒಪ್ಪಂದವೇ ಮುಂದೆ ಸೇಲ್ ಎಂದು ಹೆಸರಾಯಿತು.

ನಾನು ಇಂಗಳೇಶ್ವರದಿಂದ ಇಂಡಿಗೆ ಸೊಸೆಯಾಗಿ ಬಂದದ್ದು ಆಣೆ ಹೋಗಿ ನಯಾಪೈಸೆ ಬಂದ ಹೊಸದರಲ್ಲಿ. ಊರಿಗೆ ಊರೇ ಲೆಕ್ಕ ತಪ್ಪಿ ತಲೆ ಕೆರೆದುಕೊಳ್ಳುತ್ತಿದ್ದ ಆ ದಿನಗಳಲ್ಲಿ ಖುಷಿಯಾಗಿದ್ದವರು ನಮ್ಮ ಅತ್ತೆ ಒಬ್ಬರೇ. ಆರು ನಯಾಪೈಸೆಗೆ ಸಮನಾದ ಆಣೆಯಲ್ಲಿ ಅಂಗಡಿಯವರು ಬೆಲೆ ಹೇಳಿದರೆ ಇವರು ಅಷ್ಟೇ ನಯಾಪೈಸೆ ಎಣಿಸಿ ಕೈಗಿಡುತ್ತಿದ್ದರು. ಅವರು ಬಾಯಿ ಬಿಟ್ಟರೆ, "ಸರಕಾರ ಬದಲ ಮಾಡೈತಿ, ಅದಕ್ಕ ನಾ ಏನು ಮಾಡ್ಲಿ?" ಎನ್ನುತ್ತಿದ್ದರು.

ಮಾವನವರಿಗೆ ಊರ ಹೊರಗೆ ನಿಂಬೆಯ ತೋಟವಿತ್ತು. ಅವರ ಮಾತು ಕಡಿಮೆ, ಆದರೆ ಆಡಿದ ಮಾತೆಲ್ಲ ನಿಂಬೆ ಹಿಂಡಿದ ಹಾಗೆ. ಸೇಲಿನ ಹುಟ್ಟಿನ ಕಥೆಯನ್ನು ನನಗೆ ಹೇಳಿದವರು ಅವರೇ.

ಬೋಣಿ ನಿಮಗೆ ಗೊತ್ತಲ್ಲ? ಬೆಳಿಗ್ಗೆ ಅಂಗಡಿಯ ಹಲಗೆ ತೆಗೆದ ಮೇಲೆ ಆಗುವ ಮೊದಲ ವ್ಯಾಪಾರ. ಮೊದಲ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದರೆ ಇಡೀ ದಿನ ನೊಣ ಹೊಡೆಯುತ್ತ ಕೂಡಬೇಕಾಗುತ್ತದೆ ಎಂಬುದು ವ್ಯಾಪಾರಸ್ಥರ ನಂಬಿಕೆ. ಈ ಒಂದು ನಂಬಿಕೆಯ ಮೇಲೆ ನಮ್ಮ ಅತ್ತೆ ಇಡೀ ಸಂಸಾರವನ್ನೇ ಕಟ್ಟಿದ್ದರು. ಪೇಟೆಯಲ್ಲಿ ಅಜ್ಜನ ಕಾಲದಿಂದ ಅರಿವೆ ಅಂಗಡಿ ನಡೆಸಿಕೊಂಡು ಬಂದ ಸಾಹೇಬರೊಬ್ಬರಿದ್ದರು. ಹಬ್ಬ ಹತ್ತಿರ ಬಂತೆಂದರೆ ಸಾಹೇಬರ ಆಳುಗಳು ಹಲಗೆ ತೆಗೆಯುವ ಮೊದಲೇ ಅತ್ತೆ ಮೆಟ್ಟಿಲ ಮೇಲೆ ಹಾಜರು.

"ಈ ಸೀರಿ ಎಷ್ಟ್ರಿ?"

ಸಾಹೇಬರು ಹೇಳುವರು. ಅತ್ತೆ ಅದನ್ನು ಅರ್ಧ ಮಾಡಿ, ಆ ಅರ್ಧವನ್ನು ಮತ್ತೆ ಅರ್ಧ ಮಾಡಿ ಕೇಳುವರು.

"ಅಕ್ಕಾರ, ಸೊಲ್ಲಾಪುರದಿಂದ ರೈಲಿನ್ಯಾಗ ತಂದ ಖರ್ಚೂ ಗಿಟ್ಟೂದಿಲ್ರಿ!"

"ರೈಲಿನ್ಯಾಗ ತರ್ರಿ ಅಂತ ನಾ ಹೇಳಿದ್ನೇನು? ನಡಕೋತ ತರಬೇಕಿತ್ತು."

"ಬೋಣಿ ಹೊತ್ತಿನ್ಯಾಗ ಹಿಂಗ ಹೊಟ್ಟಿಮ್ಯಾಲ ಹೊಡೀಬ್ಯಾಡ್ರಿ, ಅಕ್ಕಾರ."

"ಆತು, ಬಿಡ್ರಿ. ಬರಿಗೈಲೆ ಹೋಗ್ತೇನಿ."

ಇಷ್ಟು ಹೇಳಿ ಒಂದು ಕಾಲನ್ನು ಕೆಳಗಿನ ಮೆಟ್ಟಿಲಿಗೆ ಇಡುವರು. ಒಂದೇ ಕಾಲು! ಎರಡನೆಯದನ್ನು ಇಡುವ ಪ್ರಸಂಗ ಎಂದೂ ಬರಲಿಲ್ಲವಂತೆ.

ಹಾಗಾದರೆ ಸಾಹೇಬರು ಅತ್ತೆಯನ್ನು ಕಂಡರೆ ಅಂಗಡಿ ಮುಚ್ಚಿಕೊಂಡು ಓಡಬೇಕಿತ್ತಲ್ಲವೆ? ಅಲ್ಲೇ ಇದ್ದದ್ದು ಅವರ ಸಂಕಟ. ಅತ್ತೆಯ ಬೋಣಿಯಾದ ದಿನ ಅಂಗಡಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಅವರ ಕೈಗುಣ ಅಂಥದು. ಒಂದು ವರ್ಷ ತೋಟದಿಂದ ಬರುವಾಗ ಚಕ್ಕಡಿಯ ಅಚ್ಚು ಮುರಿದು ಅತ್ತೆ ತಡವಾಗಿಬಿಟ್ಟರು. ಬಸವನ ಬಾಗೇವಾಡಿಯಿಂದ ಮೊದಲ ಬಸ್ಸಿಗೆ ಬಂದಿದ್ದ ಮಾಸ್ತರರ ಹೆಂಡತಿಯೊಬ್ಬರು ಬೋಣಿ ಮಾಡಿದರು. ಪಾಪ, ಸಾಹೇಬರು ಹೇಳಿದ ಬೆಲೆಯನ್ನೇ ಕೊಟ್ಟರಂತೆ. ಮಧ್ಯಾಹ್ನ ಎಲ್ಲಿಂದಲೋ ಅಕಾಲದ ಮಳೆ ಬಂತು, ಮಾಳಿಗೆ ಸೋರಿತು, ಮೇಲಿನ ಸಾಲಿನ ಕೆಂಪು ಕುಪ್ಪಸದ ಖಣಗಳ ಬಣ್ಣವೆಲ್ಲ ಕೆಳಗಿನ ಧೋತರಗಳಿಗೆ ಇಳಿಯಿತು. ಆ ದೀಪಾವಳಿಗೆ ಇಂಡಿಯ ಅರ್ಧ ಗಂಡಸರು ಗುಲಾಬಿ ಧೋತರ ಉಟ್ಟು ಓಡಾಡಿದರು. ಮರುವರ್ಷದಿಂದ ಸಾಹೇಬರು ಅತ್ತೆಯನ್ನು ಕರೆತರಲು ಮನೆಗೇ ಟಾಂಗಾ ಕಳಿಸತೊಡಗಿದರು.

ಆದರೆ ನಮ್ಮ ಊರ ಹೆಣ್ಣುಮಕ್ಕಳೇನು ಕಣ್ಣು ಮುಚ್ಚಿಕೊಂಡಿರುತ್ತಾರೆಯೇ? "ಅಕ್ಕಾಗ ಬಂದ ಧಾರಣಿ ನಮಗ್ಯಾಕ ಬರೂದಿಲ್ರಿ? ನಾವೇನು ಪುಗಸಟ್ಟೆ ಕೇಳಾಕತ್ತೇವೇನು?" ಎಂದು ಗಂಟುಬಿದ್ದರು. ಸಾಹೇಬರು ತಲೆಯ ಮೇಲೆ ಕೈಹೊತ್ತು ಕುಳಿತು ಕೊನೆಗೆ ಒಂದು ತೀರ್ಮಾನಕ್ಕೆ ಬಂದರು. ದೀಪಾವಳಿಯ ಮುಂಚಿನ ಸಂತೆಯ ದಿನ ಅಕ್ಕನವರು ಬೋಣಿ ಮಾಡುತ್ತಾರೆ. ಅವರು ರೂಪಾಯಿಗೆ ಎಷ್ಟು ಇಳಿಸುತ್ತಾರೋ ಅಂದು ಹೊತ್ತು ಮುಳುಗುವ ತನಕ ಎಲ್ಲರಿಗೂ, ಎಲ್ಲ ಮಾಲಿಗೂ ಅಷ್ಟೇ ಇಳಿಕೆ. ಡಂಗುರ ಹೊಡೆಸಿದರು. ಸೊಲ್ಲಾಪುರ ನೋಡಿಬಂದ ಯಾರೋ ಒಬ್ಬರು "ಇದಕ್ಕ ಅಲ್ಲಿ ಸೇಲ್ ಅಂತಾರ್ರಿ" ಎಂದರು. ಅಷ್ಟೇ ನೋಡಿ, ಚರಿತ್ರೆ!

ಇದರಿಂದ ಆದದ್ದೇನು? ನಮ್ಮ ಅತ್ತೆಯ ಚೌಕಾಸಿ ಅಲ್ಲಿಯವರೆಗೆ ಮನೆಯ ವಿಷಯವಾಗಿತ್ತು, ಈಗ ನಾಲ್ಕು ತಾಲೂಕಿನ ವಿಷಯವಾಯಿತು. ಸಿಂದಗಿ, ಮುದ್ದೇಬಿಹಾಳದ ಕಡೆಯಿಂದೆಲ್ಲ ಹೆಂಗಸರು ಬುತ್ತಿ ಕಟ್ಟಿಕೊಂಡು ಬರತೊಡಗಿದರು. ಕುಸ್ತಿಯ ಕಣದ ಸುತ್ತ ನಿಂತಂತೆ ಅಂಗಡಿಯ ಮುಂದೆ ನಿಂತು, "ಹಾಂ ಅಕ್ಕಾ, ಬಿಡಬ್ಯಾಡ್ರಿ! ಇನ್ನೂ ಇಳಸ್ರಿ!" ಎಂದು ಕೂಗುವರು. ಸಾಹೇಬರು ಒಂದು ಆಣೆ ಇಳಿದರೆ ಚಪ್ಪಾಳೆ. ಅತ್ತೆ ಮೆಟ್ಟಿಲಿಗೆ ಕಾಲಿಟ್ಟರೆ ಸಿಳ್ಳೆ! ಸಿಳ್ಳೆ ಹೊಡೆದ ಹೆಂಗಸು ಯಾರೆಂದು ಇಂದಿಗೂ ಪತ್ತೆಯಾಗಿಲ್ಲ.

ನನ್ನ ಮೊದಲ ದೀಪಾವಳಿಗೆ ಅತ್ತೆ ನನ್ನನ್ನೂ ಕರೆದುಕೊಂಡು ಹೊರಟರು. ಹೊಸ ಸೊಸೆ, ಪೇಟೆಗೆ ಹೋಗುವುದು ಎಂದು ನಾನು ಕೈತುಂಬ ಬಳೆ, ಮೈಮೇಲೆ ಒಡವೆ ಹಾಕಿಕೊಂಡು ಬಂದು ನಿಂತೆ. ಅತ್ತೆ ಮೇಲಿಂದ ಕೆಳಗೆ ನೋಡಿದರು.

"ಎಲ್ಲಾ ಬಿಚ್ಚಿಡು. ಜಗಳಕ್ಕ ಹೋಗೂಮುಂದ ಯಾರರ ಬಂಗಾರ ಹಾಕೋತಾರೇನು?"

ನಾನು ತಮಾಷೆ ಎಂದುಕೊಂಡೆ. ಬೋಣಿ ಮುಗಿದು, ಸಾಹೇಬರು "ಬರ್ರಿ" ಎಂದ ಕೂಡಲೇ ಹಿಂದಿನಿಂದ ಬಂದ ನೂಕಿನಲ್ಲಿ ನನ್ನ ಕಾಲು ನೆಲ ಬಿಟ್ಟವು. ಮತ್ತೆ ನೆಲ ಮುಟ್ಟಿದ್ದು ಅಂಗಡಿಯ ಒಳಗೆ! ನಡುವಿನ ದಾರಿಯನ್ನು ನಾನು ಹೇಗೆ ದಾಟಿದೆನೋ ಆ ದೇವರಿಗೇ ಗೊತ್ತು. ಒಬ್ಬಾಕೆ ನನ್ನ ಸೆರಗನ್ನೇ ಹಿಡಿದೆಳೆದು, "ಇದು ಎಷ್ಟ್ರಿ, ಸಾಹೇಬ್ರ?" ಎಂದು ಕೇಳಿದಳು. "ಯವ್ವಾ, ಇದು ನಾ ಉಟ್ಟಿದ್ದು!" ಎಂದೆ. "ಹಂಗಾರ ನೀ ಎಷ್ಟಕ್ಕ ಕೊಡ್ತಿ?" ಎಂದಳು ಆ ಮಹಾತಾಯಿ!

ಅತ್ತ ಅತ್ತೆ ಒಂದು ಸೀರೆಯ ಒಂದು ತುದಿ ಹಿಡಿದಿದ್ದರು. ಇನ್ನೊಂದು ತುದಿ ಸಿಂದಗಿಯ ಒಬ್ಬ ಗಟ್ಟಿಗಿತ್ತಿಯ ಕೈಯಲ್ಲಿತ್ತು. ಇಬ್ಬರೂ ಬಿಡಲೊಲ್ಲರು. ಎಳೆದಾಟದ ನಡುವೆಯೇ ಬೈದಾಟ, ಬೈದಾಟದ ನಡುವೆಯೇ ವಿಚಾರಣೆ.

"ಯಾರ ಪೈಕಿ ನೀ, ಇಷ್ಟ ಸೊಕ್ಕು?"

ಆಕೆ ತನ್ನ ಮನೆತನ ಹೇಳಿದಳು. ಅತ್ತೆ ಎಳೆಯುವುದನ್ನು ನಿಲ್ಲಿಸಿದರು, ಸೀರೆಯನ್ನು ಮಾತ್ರ ಬಿಡಲಿಲ್ಲ.

"ಹೌದಾ? ನಿಮ್ಮನ್ಯಾಗ ಒಬ್ಬ ಹುಡುಗ ಮದವಿಗೆ ಬಂದಾನಲ್ಲ?"

"ನನ್ನ ಮಗನ ಅದಾನ್ರಿ. ಯಾಕ, ನಿಮ್ಮನ್ಯಾಗ ಹುಡುಗಿ ಐತೇನ್ರಿ?"

ಮುಂದಿನದನ್ನು ಹೇಳಬೇಕೆ? ಸೀರೆ ಸಿಂದಗಿಗೆ ಹೋಯಿತು, ಹಿಂದೆಯೇ ನಮ್ಮ ನಾದಿನಿಯೂ ಹೋದಳು. ಮದುವೆಯಾದ ಮೇಲೆ ಅಳಿಯ ಸ್ವಲ್ಪ ಸೋಮಾರಿ ಎಂದು ಗೊತ್ತಾಯಿತು. ಅತ್ತೆ ಒಂದು ದಿನ ಮಾವನವರ ಮುಂದೆ ಗೊಣಗಿದಾಗ ಅವರು ನಿಂಬೆ ಆರಿಸುತ್ತ ಕುಳಿತಲ್ಲಿಂದ ತಲೆ ಎತ್ತದೆ ಹೇಳಿದರು: "ಸೇಲಿನ ಮಾಲು. ತಿರುಗಿ ತಗೊಳ್ಳೂದಿಲ್ಲ."

ಇನ್ನು ಪಟ್ಟೆಯ ಬಟ್ಟೆಯ ಕಥೆ. ಅದನ್ನು ನೆನೆದರೆ ನನ್ನ ಕಿವಿ ಈಗಲೂ ಬಿಸಿಯಾಗುತ್ತವೆ. ಒಂದು ವರ್ಷ ಅತ್ತೆ ಸೇಲಿನಲ್ಲಿ ನೀಲಿ ಪಟ್ಟೆಯ ಬಟ್ಟೆಯ ಒಂದು ತಾನನ್ನೇ, ಇಡೀ ಸುರುಳಿಯನ್ನೇ, ಎತ್ತಿಕೊಂಡು ಬಂದರು. ಯಾರೂ ಕೊಳ್ಳದೆ ಮೂಲೆಯಲ್ಲಿ ಬಿದ್ದ ಮಾಲು ಅದು. ಸಾಹೇಬರು ಕೊಡುವಾಗ ಕೈಮುಗಿದರಂತೆ! ಮಾವನವರಿಗೆ, ನಮ್ಮ ಮನೆಯವರಿಗೆ, ಮೈದುನಂದಿರಿಗೆ ಅದರದೇ ಅಂಗಿ. ದಿಂಬಿಗೆ ಅದೇ, ಗಾದಿಗೆ ಅದೇ, ಪಡಸಾಲೆಯ ಪರದೆಗೂ ಅದೇ. ಮಾವನವರು ಪರದೆಯ ಮುಂದೆ ನಿಂತರೆ ತಲೆಯೊಂದೇ ಗಾಳಿಯಲ್ಲಿ ತೇಲಿದ ಹಾಗೆ ಕಾಣುತ್ತಿತ್ತು. ಮನೆಗೆ ಬಂದವರು ಎಷ್ಟೋ ಸಲ ಪರದೆಗೆ "ಶರಣ್ರಿ" ಎಂದು ಕೈಮುಗಿದದ್ದುಂಟು.

ಇಷ್ಟೇ ಆಗಿದ್ದರೆ ಮನೆಯ ಮರ್ಯಾದೆ ಮನೆಯಲ್ಲೇ ಉಳಿಯುತ್ತಿತ್ತು. ಆ ಬೇಸಿಗೆಯಲ್ಲಿ ಕೃಷ್ಣೆಯ ದಂಡೆಯ ತಂಗಡಗಿಯಲ್ಲಿ ನಮ್ಮವರದೊಂದು ಮದುವೆ. ನಮ್ಮ ಮನೆಯ ಗಂಡಸರು ಸಾಲಾಗಿ ಅದೇ ಪಟ್ಟೆಯ ಅಂಗಿ ತೊಟ್ಟು ಹಂದರದೊಳಗೆ ಬಂದರು. ಬೀಗರ ಕಡೆಯ ಹಿರಿಯರೊಬ್ಬರು ಓಡಿ ಬಂದು ಮಾವನವರ ಹೆಗಲ ಮೇಲೆ ಕೈಯಿಟ್ಟು, "ತಡಾ ಆತಲ್ಲೋ ತಮ್ಮಾ! ಲಗೂ ಹಿಂದಿನ ಬಾಗಿಲ್ಲಿಂದ ಹೋಗಿ ಉಂಡ್ಬರ್ರಿ. ಮೆರವಣಿಗಿಗೆ ಹೊತ್ತಾತು. ಡೋಲು ಎಲ್ಲಿ ಇಟ್ಟೀರಿ?" ಎಂದರು.

ನಮ್ಮವರನ್ನು ಬ್ಯಾಂಡಿನವರು ಅಂದುಕೊಂಡಿದ್ದರು! ನಮ್ಮ ಮನೆಯವರ ಮುಖ ಕೆಂಪಾಯಿತು. ಮಾವನವರು ಮಾತ್ರ ಶಾಂತವಾಗಿ ಹೆಂಡತಿಯ ಕಡೆ ಕೈ ತೋರಿಸಿ, "ಡೋಲು ಅಲ್ಲಿ ನಿಂತೈತ್ರಿ" ಎಂದರು. ಅತ್ತೆ ಮೂರು ದಿನ ಅವರೊಂದಿಗೆ ಮಾತಾಡಲಿಲ್ಲ. ನಾಲ್ಕನೆಯ ದಿನ ಮಾವನವರೇ ಸೋತು, "ಬೋಣಿ ಮಾಡು ಮಾರಾಯ್ತಿ, ಒಂದು ಮಾತು ಆಡು" ಎಂದರು.

ಹೀಗೆ ವರ್ಷಗಳು ನಕ್ಕುಕೊಂಡೇ ಹೋದವು. ಒಂದು ವರ್ಷ ಮಳೆಗಾಲದಲ್ಲಿ ಮಾವನವರಿಗೆ ಜ್ವರ ಬಂತು. ಸಾದಾ ಜ್ವರ, ಹೋಗುತ್ತದೆ ಎಂದುಕೊಂಡೆವು. ಹೋದವರು ಮಾವನವರು.

ಅತ್ತೆಯವರ ಬಾಯಿ ನಿಂತುಹೋಯಿತು. ಹಣೆಯ ಕುಂಕುಮ ಹೋದದ್ದಕ್ಕಿಂತ, ಕೈಯ ಬಳೆ ಹೋದದ್ದಕ್ಕಿಂತ ಅದೇ ನಮಗೆ ಹೆಚ್ಚು ಭಯ ತಂದಿತು. ಒಂದು ದಿನ ಬಾಗಿಲಿಗೆ ಬದನೆಕಾಯಿ ಮಾರುವಾಕೆ ಬಂದಳು. ಅತ್ತೆ ಬೆಲೆ ಕೇಳಿದರು, ಆಕೆ ಹೇಳಿದಳು, ಹೇಳಿದಷ್ಟನ್ನು ಕೊಟ್ಟು ಅತ್ತೆ ಒಳಗೆ ಹೋದರು. ಬದನೆಕಾಯಿಯಾಕೆ ಕೈಯಲ್ಲಿದ್ದ ದುಡ್ಡನ್ನೇ ನೋಡುತ್ತ ನಿಂತಳು. ಆಮೇಲೆ ಮೆಲ್ಲಗೆ ನನ್ನನ್ನು ಕೇಳಿದಳು: "ಅವ್ವಾರಿಗೆ ಮೈಯಾಗ ಆರಾಮ ಇಲ್ಲೇನ್ರಿ?"

ದೀಪಾವಳಿ ಬಂತು. ನಮ್ಮ ಮನೆಯಲ್ಲಿ ಆ ವರ್ಷ ಹಬ್ಬವಿಲ್ಲ. ಸಂತೆಯ ದಿನ ಬೆಳಿಗ್ಗೆ ಎಂದಿನಂತೆ ಸಾಹೇಬರ ಟಾಂಗಾ ಬಂದು ಬಾಗಿಲಲ್ಲಿ ನಿಂತಿತು. ಅತ್ತೆ ಏಳಲಿಲ್ಲ.

"ಅವ್ವಾ, ಹೋಗಿ ಬಾ. ಅಷ್ಟರ ಬ್ಯಾಸರಾ ಕಳೀತೈತಿ," ಎಂದರು ನಮ್ಮ ಮನೆಯವರು.

"ಹುಚ್ಚ ಅದಿ ಏನು? ವರ್ಷದ ಬೋಣಿಗೆ ಬರಿ ಹಣಿಯಾಕಿ ಹೋಗಿ ಮುಂದ ನಿಂತ್ರ ಆ ಮನಷ್ಯಾನ ಅಂಗಡಿ ಗತಿ ಏನಾಗಬೇಕು?" ಎಂದು ಅತ್ತೆ ನನ್ನ ಕಡೆ ತಿರುಗಿದರು. ನಾನಾಗ ಬಸುರಿ. "ನೀ ಹೋಗು, ತಂಗಿ. ಬಸರಿ ಹೆಣ್ಣಿನ ಬೋಣಿ ಚಲೋ ಆಗ್ತೈತಿ. ಇನ್ನಮ್ಯಾಲೆ ವರ್ಷಾ ನೀನ ಹೋಗಬೇಕು."

ವರ್ಷವೆಲ್ಲ ಆ ಒಂದು ಬೆಳಗಿಗಾಗಿ ಬದುಕುತ್ತಿದ್ದ ಹೆಂಗಸು ಅದನ್ನು ಹೀಗೆ ತೆಗೆದು ನನ್ನ ಉಡಿಗೆ ಹಾಕಿಬಿಟ್ಟರು. ನನಗೆ ಬೇಡವಾಗಿತ್ತು. ಆದರೂ ಟಾಂಗಾ ಹತ್ತಿದೆ.

ಅಂಗಡಿಯ ಮುಂದೆ ಜಾತ್ರೆಯಂತೆ ಜನ. ಸಾಹೇಬರು ನನ್ನ ಬೆನ್ನ ಹಿಂದೆ ನೋಡಿದರು.

"ಅಕ್ಕಾರು ಎಲ್ಲಿ, ಯವ್ವಾ?"

"ಅವರು ಬರೂದಿಲ್ಲಂತ್ರಿ, ಮಾಮಾ. ತಾವು ಬಂದ್ರ ಅಪಶಕುನ ಅಂತಾರ. ನನಗ ಬೋಣಿ ಮಾಡು ಅಂದಾರ."

ಗದ್ದಲ ತಣ್ಣಗಾಯಿತು. ಯಾರೋ ಒಬ್ಬಾಕೆ, "ಖರೇನ ಐತಿ ಬಿಡ್ರಿ, ಅಕ್ಕ ತಿಳುವಳಿಕಿ ಇದ್ದಾಕಿ" ಎಂದಳು. ಇನ್ನಿಬ್ಬರು ಹೌದೆಂದು ತಲೆ ಆಡಿಸಿದರು. ಇಷ್ಟು ವರ್ಷ ಅತ್ತೆಯ ಬಾಯಿಯಿಂದ ಇಳಿದ ಬೆಲೆಯ ಸೀರೆಗಳನ್ನೇ ಉಟ್ಟುಕೊಂಡು ಆಡಿದ ಮಾತು! ನನ್ನ ಮೈ ಉರಿಯಿತು.

ಸಾಹೇಬರು ಗಾದಿಯಿಂದ ಎದ್ದು ಟೊಪ್ಪಿಗೆ ಸರಿಮಾಡಿಕೊಂಡರು. ಆಳುಗಳಿಗೆ "ಹಲಗಿ ಹಾಕ್ರಿ" ಎಂದರು. ಆಮೇಲೆ ಸೀರೆಯ ಒಂದು ದೊಡ್ಡ ಗಂಟನ್ನು ತಾವೇ ಹೆಗಲಿಗೇರಿಸಿಕೊಂಡು ಬೀದಿಗೆ ಇಳಿದು ನಡೆದೇಬಿಟ್ಟರು. ಗಾದಿಯ ಮೇಲೆ ಕುಳಿತು ಕೈಸನ್ನೆಯಲ್ಲೇ ವ್ಯಾಪಾರ ನಡೆಸುವ ಸಾಹೇಬರು ಗಂಟು ಹೊತ್ತದ್ದನ್ನು ಇಂಡಿ ಅದುವರೆಗೆ ನೋಡಿರಲಿಲ್ಲ.

ಹೆಂಗಸರಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಮರುಕ್ಷಣ ಯಾರೋ ಕಿರುಚಿದಳು: "ಯವ್ವಾ, ಸೇಲ್ ಹೊಂಟೈತಿ! ಬೆನ್ನ ಹತ್ರಿ!"

ಮುಂದೆ ಗಂಟು ಹೊತ್ತ ಸಾಹೇಬರು, ಹಿಂದೆ ಟಾಂಗಾದಲ್ಲಿ ನಾನು, ನನ್ನ ಹಿಂದೆ ಬುತ್ತಿ, ಕೂಸು, ಕೊಡೆ ಸಮೇತ ನಾಲ್ಕು ತಾಲೂಕಿನ ಹೆಣ್ಣುಮಕ್ಕಳು! ಪೇಟೆಯ ಗಂಡಸರೆಲ್ಲ ಏನೋ ಅನಾಹುತವಾಯಿತೆಂದು ಅಂಗಡಿ ಬಿಟ್ಟು ಹೊರಬಂದು ನಿಂತರು.

ಅಂಗಳದಲ್ಲಿದ್ದ ಅತ್ತೆ ಈ ದಂಡನ್ನು ಕಂಡು ಒಳಗೆ ಓಡಿ ಬಾಗಿಲು ಮುಂದೆ ಮಾಡಿಕೊಂಡರು. ಸಾಹೇಬರು ನಮ್ಮ ಕಟ್ಟೆಯ ಮೇಲೆ ಗಂಟು ಇಳಿಸಿ ಬಿಚ್ಚಿದರು.

"ಅಕ್ಕಾರ, ನೀವು ಅಂಗಡಿಗೆ ಬರೂದಿಲ್ಲಂದ್ರಿ. ಅದಕ್ಕ ಅಂಗಡಿನ ಬಂದೈತ್ರಿ."

ಬಾಗಿಲ ಹಿಂದಿನಿಂದ ಅತ್ತೆಯ ದನಿ ಬಂತು. "ಹಿಂಗ ಮಾಡಬ್ಯಾಡ್ರಿ, ಸಾಹೇಬ್ರ. ಮುಂಜಾನೆ ಎದ್ದು ನನ್ನ ಮಾರಿ ನೋಡಿ ಬೋಣಿ ಮಾಡಿದ್ರ ನಿಮಗ ಕೇಡಾಗ್ತೈತಿ."

"ಇಷ್ಟ ವರ್ಷ ನಾ ನಿಮ್ಮ ಕೈ ನೋಡೇನ್ರಿ, ಅಕ್ಕಾರ. ಹಣಿ ಎಂದೂ ನೋಡಿಲ್ಲ. ಬೋಣಿ ಕೈಲೆ ಆಗ್ತೈತಿ, ಹಣೀಲೆ ಆಗೂದಿಲ್ಲ."

ಆಮೇಲೆ ಬಾಗಿಲು ತೆರೆಯಿತು. ಅತ್ತೆ ಸೆರಗನ್ನು ಹಣೆಯ ಮೇಲೆ ಪೂರ್ತಿ ಎಳೆದುಕೊಂಡು ಬಂದು, ಯಾರ ಮುಖವನ್ನೂ ನೋಡದೆ ಸೀರೆಗಳ ಮೇಲೆ ಕೈಯಾಡಿಸಿ ಒಂದು ಹಸಿರು ಸೀರೆಯನ್ನು ಎತ್ತಿದರು.

"ಈ ಹುಡುಗೀಗೆ ಬೇಕು. ಬಸರದಾಳ. ಎಷ್ಟ್ರಿ?"

ಸಾಹೇಬರು ಹೇಳಿದರು. ಅತ್ತೆ ಸಣ್ಣ ದನಿಯಲ್ಲಿ ಅರ್ಧದ ಅರ್ಧ ಕೇಳಿದರು.

"ಆತು, ತಗೋರಿ," ಎಂದರು ಸಾಹೇಬರು.

ಅತ್ತೆ ತಲೆ ಎತ್ತಿದರು. "ಏನಂದ್ರಿ?"

"ತಗೋರಿ ಅಂದೆ, ಅಕ್ಕಾರ. ನೀವು ಕೇಳಿದಷ್ಟಕ್ಕ."

ಸೀರೆಯನ್ನು ಅತ್ತೆ ಕಟ್ಟೆಯ ಮೇಲೆ ಎಸೆದರು. "ಕೇಳಿದ ಕೂಡ್ಲೆ ಹೂಂ ಅಂತೀರೇನು? ಹಿಂದ ಎಂದರ ಹಂಗ ಅಂದೀರೇನು? ಗಂಡನ್ನ ಕಳಕೊಂಡಾಳ ಅಂತ ದಾನಾ ಕೊಡಾಕ ಬಂದೀರೇನು ನನ್ನ ಮನೀಗೆ? ಒಯ್ರಿ ನಿಮ್ಮ ಗಂಟಾ!"

ಸಾಹೇಬರ ಕಣ್ಣು ತುಂಬಿದವು. ತೋಳಿನಿಂದ ಕಣ್ಣೊರೆಸಿಕೊಂಡು ಆ ಸೀರೆಯನ್ನು ಎಳೆದು ಎದೆಗೆ ಅವಚಿಕೊಂಡು ಊರಿಗೆಲ್ಲ ಕೇಳುವಂತೆ ಕೂಗಿದರು:

"ಕೊಡೂದಿಲ್ರಿ! ಇಷ್ಟಕ್ಕ ಕೊಟ್ರ ನಾ ಅಂಗಡಿ ಮುಚ್ಚಿ ನಿಮ್ಮ ನಿಂಬಿ ತ್ವಾಟಕ್ಕ ಆಳಾಗಿ ದುಡೀಬೇಕಾಗ್ತೈತಿ!"

"ಬರ್ರಿ, ಬ್ಯಾಡ ಅಂದವರ್ಯಾರು? ದಿನದ ಕೂಲಿ ಎಷ್ಟು ತಗೋತೀರಿ, ಮೊದಲ ಅದನ್ನ ಹೇಳ್ರಿ. ಅದರಾಗೂ ಅರ್ಧಾ ಇಳಸ್ತೇನಿ!" ಎಂದು ಅತ್ತೆ ಕಟ್ಟೆಯ ಮೇಲೆ ಚಕ್ಕಳಬಕ್ಕಳ ಹಾಕಿ ಕುಳಿತರು. ಹಣೆಯ ಮೇಲಿನ ಸೆರಗು ಜಾರಿ ಹೆಗಲಿಗೆ ಬಿದ್ದದ್ದು ಅವರಿಗೆ ಗೊತ್ತೇ ಆಗಲಿಲ್ಲ.

ಅಂಗಳದ ತುಂಬ ನಿಂತಿದ್ದ ಹೆಂಗಸರು ಒಬ್ಬೊಬ್ಬರಾಗಿ ನೆಲದ ಮೇಲೆ ಕುಳಿತುಕೊಂಡರು. ಸ್ವಲ್ಪ ಹೊತ್ತಿನ ಮುಂಚೆ ಅಂಗಡಿಯ ಮುಂದೆ ಅಕ್ಕ ತಿಳುವಳಿಕೆ ಇದ್ದಾಕಿ ಎಂದವಳೂ ಕುಳಿತಳು. "ಸಾವಕಾಶ ನಡೀಲಿ, ಅಕ್ಕಾ. ನಮಗೇನು ಗಡಿಬಿಡಿ ಇಲ್ಲ," ಎಂದಳು.

ಆ ಹಸಿರು ಸೀರೆ ಕೊನೆಗೆ ಎಷ್ಟಕ್ಕೆ ಬಂತೋ ನನಗೆ ಇಂದಿಗೂ ಗೊತ್ತಿಲ್ಲ. ಅಲ್ಲಿ ನಿಂತಿದ್ದರೆ ಎಲ್ಲರ ಮುಂದೆ ಅತ್ತುಬಿಡುತ್ತಿದ್ದೆ. ಒಳಗೆ ಹೋಗಿ ಅಷ್ಟೂ ಮಂದಿಗೆ ಚಹಾ ಮಾಡಲು ಹಂಡೆಯಲ್ಲಿ ನೀರಿಟ್ಟೆ. ಮಾವನವರು ಹೋದ ಮೇಲೆ ಮೊದಲ ಸಲ, ಅತ್ತೆಯವರು ಬೈಯುವುದು ಅಡುಗೆಮನೆಯವರೆಗೂ ಕೇಳುತ್ತಿತ್ತು.